ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಮಾರ್ಚ್ 3, ಸೋಮವಾರ

ಎಡಕ್ಕೆ ಕೆಂಪು. ಬಲಕ್ಕೆ ಹಸಿರು. ಹಿಂದಕ್ಕೆ ಬಿಳಿ. ಶಾಲೆಯ ಯೂನಿಫಾರಮ್‌ಗಳಿಗೆ ಬಟನ್ ಹೊಲಿಯುತ್ತಾ ದೋಣಿಯ ದೀಪಗಳನ್ನು ಬಾಯಿಪಾಠ ಮಾಡಿದೆ. ಈ ವಯಸ್ಸಿನಲ್ಲಿ ಪರೀಕ್ಷೆ! ನಕ್ಕರೆ ನಗಲಿ.

ಇವರು ಮೆಷಿನ್ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾರೆ. ಮೋಟಾರು ದೋಣಿ ಓಡಿಸುವವರಿಗೆಲ್ಲ ಇನ್ನು ಲೈಸೆನ್ಸ್ ಬೇಕಂತೆ, ಭಾನುವಾರ ಸುಮ್ಮನೆ ಒಂದು ಸುತ್ತು ಹೋಗಿಬರುವವರಿಗೂ. ಅದಕ್ಕೆ ಕಣ್ಣಿನ ಪರೀಕ್ಷೆ. ಡಾಕ್ಟರು ಬಣ್ಣಬಣ್ಣದ ಚುಕ್ಕೆ ತೋರಿಸಿ, ಒಳಗೆ ಯಾವ ನಂಬರ್ ಇದೆ ಹೇಳಿ ಎಂದರಂತೆ. ಇವರು ಬಂದು ಹೇಳಿದ್ದು— "ಆ ಡಾಕ್ಟರಿಗೆ ತಲೆ ಕೆಟ್ಟಿದೆ. ಅಲ್ಲಿ ಬರೀ ಚುಕ್ಕೆ ಇತ್ತು, ನಂಬರೂ ಇಲ್ಲ ಗಿಂಬರೂ ಇಲ್ಲ."

ನನಗೇನು ಹೊಸದೇ? ಮದುವೆಯಾದ ಹೊಸತರಲ್ಲೇ ಗೊತ್ತಾಯಿತು. ಕೆಂಪೂ ಹಸಿರೂ ಇವರಿಗೆ ಒಂದೇ. ಟೈಲರ್‌ಗೆ ಇಂಥ ಕಣ್ಣು ಕೊಟ್ಟವನಿಗೆ ಏನು ಹೇಳೋಣ! ಅಂದಿನಿಂದ ದಾರ ಆರಿಸುವುದು ನಾನು. ಗಿರಾಕಿ ಎದುರಿಗಿದ್ದಾಗ ಮಾತಿಲ್ಲ. ಇವರು ತಿರುಗಿ ನೋಡದೆ ಕೈ ಚಾಚುತ್ತಾರೆ, ನಾನು ಉಂಡೆ ಇಡುತ್ತೇನೆ. ಪೋಣಿಸಿದ ಮೇಲೆ ಒಂದು ಸಲ ನನ್ನ ಮುಖ ನೋಡುತ್ತಾರೆ. ನಾನು ತಲೆಯಾಡಿಸಬೇಕು. ಆಮೇಲೆ ಮೆಷಿನ್ ಶುರು. ಇದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಬಾಯಿ ಬಿಟ್ಟು ಮಾತಾಡಿಲ್ಲ.

ಲೈಸೆನ್ಸ್ ಇರುವವರು ಒಬ್ಬರು ದೋಣಿಯಲ್ಲಿದ್ದರೆ ಸಾಕಂತೆ. ಇವರಿಗೆ ದೋಣಿ ಎಂದರೆ ಪ್ರಾಣ. ಹಾಗಾಗಿ ಪುಸ್ತಕ ನನ್ನ ಕೈಗೆ.

ಮಾರ್ಚ್ 9, ಭಾನುವಾರ

ಜೆಟ್ಟಿಯ ಮೇಲೆ ಕ್ಲಾಸು. ಕಲಿಸುವವರಿಗೆ ಊರೆಲ್ಲ ಸೀಟಿ ಮೇಷ್ಟ್ರು ಎನ್ನುತ್ತಾರೆ— ಕೊರಳಲ್ಲಿ ಸದಾ ಒಂದು ಸೀಟಿ. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲವಂತೆ, ಅವರ ಹೆಂಡತಿ ಅಂಗಡಿಗೆ ಬಂದಾಗ ಹೇಳಿ ನಗುತ್ತಿದ್ದರು.

ಒಂದು ಸೀಟಿ— ನಾನು ಬಲಕ್ಕೆ ತಿರುಗುತ್ತಿದ್ದೇನೆ. ಎರಡು— ಎಡಕ್ಕೆ. ಬಿಟ್ಟು ಬಿಟ್ಟು ಐದು— ನೀನು ಏನು ಮಾಡುತ್ತಿದ್ದೀಯೋ ನನಗೆ ಅರ್ಥವಾಗುತ್ತಿಲ್ಲ. ನಾನು ಹೇಳಿದೆ, "ಮೇಷ್ಟ್ರೇ, ಈ ಐದು ಸೀಟಿ ನಮ್ಮನೇಲಿ ದಿನಾ ಬೇಕಾಗತ್ತೆ." ಎಲ್ಲರೂ ನಕ್ಕರು. ಅವರು ನಗಲಿಲ್ಲ.

"ನೀರಲ್ಲಿ ರಸ್ತೆ ಇಲ್ಲ ಅಮ್ಮ. ಕತ್ತಲಾದ್ಮೇಲೆ ದೋಣೀನೂ ಕಾಣಲ್ಲ. ಕಾಣೋದು ದೀಪದ ಬಣ್ಣ ಒಂದೇ. ಎದುರಿನವನ ಕೆಂಪು ಕಂಡ್ರೆ ಅವನ ಎಡಗಡೆ ನಿಮ್ಮ ಕಡೆಗಿದೆ. ಹಸಿರು ಕಂಡ್ರೆ ಬಲಗಡೆ. ಅವನು ಎತ್ತ ಹೋಗ್ತಿದಾನೆ ಅಂತ ತಿಳಿಯೋದು ಅಷ್ಟರಿಂದಲೇ. ನಾನಂತೂ ದೀಪ ನಂಬ್ತೀನಿ, ಮನುಷ್ಯನ್ನ ಆಮೇಲೆ."

ಬರೆದುಕೊಂಡೆ.

ಮಾರ್ಚ್ 20

ಪುಸ್ತಕ ತೆಗೆದರೆ ಇವರ ಕೊಂಕು ಶುರು. "ಇಷ್ಟು ವರ್ಷ ಓಡಿಸಿಲ್ವಾ ನಾನು? ಯಾರಿಗಾದ್ರೂ ಗುದ್ದಿದೀನಾ?" ಇಲ್ಲ, ನಿಜ. ಹೇಗೆಂದು ಇವತ್ತು ಗೊತ್ತಾಯಿತು. ದಾರಿ ತೋರಿಸಲು ತೇಲಿಬಿಟ್ಟ ಡ್ರಮ್ಮುಗಳಿವೆಯಲ್ಲ, ಕೆಂಪಿನದು ಚಪ್ಪಟೆ ತಲೆ, ಹಸಿರಿನದು ಚೂಪು. ಇವರು ಆಕಾರ ನೋಡಿ ಓಡಿಸುತ್ತಾರೆ. ಬಟ್ಟೆಯ ಕಟಿಂಗ್ ನೋಡುವ ಕಣ್ಣಲ್ಲವೇ, ಅದು ಮಾತ್ರ ಚುರುಕು. ಎದುರು ದೋಣಿ ಬಂದರೆ ಮೂತಿ ಎತ್ತ ಇದೆ ನೋಡಿಕೊಳ್ಳುತ್ತಾರೆ. ಬಿಸಿಲಿರುವಾಗ ಬಣ್ಣ ಯಾರಿಗೆ ಬೇಕು?

ಅದಕ್ಕೇ ಸಂಜೆಯಾಗುವ ಮೊದಲು ಮನೆ ಸೇರುತ್ತಿದ್ದದ್ದು! ನಾನು ನನ್ನ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಹುಚ್ಚಿ.

ಏಪ್ರಿಲ್ 6, ಭಾನುವಾರ

ಪಾಸು! ಮೇಷ್ಟ್ರು ಕೈ ಕುಲುಕಿದರು. ಅವರ ಜಾಕೆಟ್ಟಿನ ಜಿಪ್ ಕಿತ್ತುಹೋಗಿತ್ತು, ಅಲ್ಲೇ ಬಿಚ್ಚಿಸಿಕೊಂಡು ಅಂಗಡಿಗೆ ತಂದೆ. ದುಡ್ಡು ಬೇಡ, ಗುರುದಕ್ಷಿಣೆ ಎಂದೆ. ಹೊರಡುವಾಗ ಹೇಳಿದರು: "ದಡ ಬಿಡೋ ಮುಂಚೆ ಕೆಳಗಿಳಿದು ಎದುರಿಗೆ ನಿಂತು ನಿಮ್ಮ ದೀಪ ನೋಡ್ಕೊಳ್ಳಿ. ಒಳಗೆ ಕೂತವರಿಗೆ ತಮ್ಮ ದೀಪ ಕಾಣಲ್ಲ." ಅಲ್ಲದೆ ನಮ್ಮ ದೋಣಿಯ ದೀಪದ ಬಣ್ಣದ ಗಾಜು ಎರಡೂ ಬಿರುಕು ಬಿಟ್ಟಿವೆ, ಬದಲಾಯಿಸಿ ಎಂದರು.

ಇವರಿಗೆ ಖುಷಿ. ಲೈಸೆನ್ಸ್ ಕಾರ್ಡು ತಿರುಗಿಸಿ ತಿರುಗಿಸಿ ನೋಡಿದರು. "ಇನ್ನು ಸಂಜೇನೂ ಹೋಗಬಹುದು. ನೀನಿದ್ದೀಯಲ್ಲ."

ಏಪ್ರಿಲ್ 13, ಭಾನುವಾರ

ನನ್ನ ಬಾಯಿಗೆ ಬೀಗ ಹಾಕಬೇಕು.

ಸಂಜೆ ಹೋಗಿದ್ದೆವು. ಸ್ಟೇರಿಂಗ್ ಇವರದು, ಮುಂದಿನ ಹಲಗೆಯ ಮೇಲೆ ನಾನು. ದೀಪ ಕಂಡರೆ ಹಲಗೆ ತಟ್ಟುವುದು— ಕೆಂಪಿಗೆ ಒಂದು, ಹಸಿರಿಗೆ ಎರಡು. ಯಾರಿಗೂ ತಿಳಿಯಬಾರದಲ್ಲ. ಚೆನ್ನಾಗೇ ನಡೆದಿತ್ತು. ವಾಪಸ್ ಜೆಟ್ಟಿಗೆ ಬರುವಾಗ ಇವರು ಡ್ರಮ್ಮಿನ ಮೇಲಿನ ಹಸಿರು ದೀಪದ ತಪ್ಪು ಮಗ್ಗುಲಿಗೆ ತಿರುಗಿಸಿಬಿಟ್ಟರು. ಅಲ್ಲಿ ಕಲ್ಲು. ಗಾಬರಿಯಲ್ಲಿ ಕೂಗಿಬಿಟ್ಟೆ— "ಅದು ಹಸಿರು ರೀ! ಹಸಿರು! ಕಾಣಲ್ವಾ ನಿಮಗೆ?"

ಜೆಟ್ಟಿಯ ತುಂಬ ಗಂಡಸರು. ಒಬ್ಬ ಹಲ್ಲು ಕಿರಿದು, "ಏನಣ್ಣ, ಟೈಲರ್‌ಗೇ ಬಣ್ಣ ಗೊತ್ತಾಗ್ತಿಲ್ವಾ?" ಎಂದ. ಇವರು ಹಗ್ಗ ಕಟ್ಟಿ, ನನ್ನನ್ನು ಅಲ್ಲೇ ಬಿಟ್ಟು ಮನೆಗೆ ನಡೆದರು.

ಏಪ್ರಿಲ್ 24

ಮಾತಿಲ್ಲ. ಊಟಕ್ಕೆ ಬನ್ನಿ ಎಂದರೆ ಬರುತ್ತಾರೆ, ಅಷ್ಟೇ. ಅಂಗಡಿಯಲ್ಲಿ ಕೈ ಚಾಚುವುದು ಬಿಟ್ಟಿದ್ದಾರೆ. ತಾವೇ ಡಬ್ಬಿಯಲ್ಲಿ ತಡಕಾಡಿ ಬರೀ ಕಪ್ಪು ಬಿಳಿ ಕೆಲಸ ಮುಗಿಸುತ್ತಿದ್ದಾರೆ. ಬಣ್ಣದ ಬಟ್ಟೆಯೆಲ್ಲ ಮೂಲೆಯಲ್ಲಿ ರಾಶಿ. ಮೇಷ್ಟ್ರ ಜಾಕೆಟ್ಟೂ ಅದರಲ್ಲೇ. ಒಂದು ಜಿಪ್‌ಗೆ ಇಷ್ಟು ದಿನವೇ!

ಕಾಲು ಹಿಡಿಯಬೇಕೇ ಈಗ? ಹೋಗಲಿ. ಎಷ್ಟು ದಿನ ಬಿಗಿದುಕೊಂಡಿರುತ್ತಾರೆ ನೋಡೋಣ.

ಏಪ್ರಿಲ್ 27, ಭಾನುವಾರ. ಮಧ್ಯಾಹ್ನ

ಮಂಜು ಕರಗಿತು. ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ದೋಣಿಯ ಜೊತೆ ಸ್ಕ್ರೂಡ್ರೈವರ್ ಹಿಡಿದು ಏನೋ ಮಾಡುತ್ತಿದ್ದರು. ಈಗ ಬಂದು, "ಸಂಜೆ ಹೋಗೋಣ್ವಾ?" ಎಂದರು. ನನ್ನ ಮುಖ ನೋಡದೆ. ದೀಪದ ಹೊಸ ಗಾಜು ತಾವೇ ಹಾಕಿದರಂತೆ.

"ಎರಡೂ ಉರೀತಾ?"

"ಉರೀತು."

ಕಣ್ಣಲ್ಲಿ ನೀರೇ ಬಂತು ನನಗೆ, ಮಾತಾಡಿದರಲ್ಲ ಎಂದು. ಚಹಾ ಫ್ಲಾಸ್ಕಿಗೆ ಹಾಕಿಕೊಳ್ಳುತ್ತಿದ್ದೇನೆ.

ಏಪ್ರಿಲ್ 30, ಬುಧವಾರ

ಸೀಟಿ ಮೇಷ್ಟ್ರು ಹೋದರು.

ಭಾನುವಾರ ನಡೆದದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಹೊತ್ತು ಮುಳುಗಿತ್ತು. ಮನೆಯ ಕಡೆಗೆ ಬರುತ್ತಿದ್ದೆವು. ಎದುರಿಗೆ, ಸ್ವಲ್ಪ ಎಡಕ್ಕೆ, ಒಂದು ಕೆಂಪು ದೀಪ. ಹಲಗೆ ತಟ್ಟಿದೆ, ಒಂದು. ಅವನ ಕೆಂಪು ನಮಗೆ, ನಮ್ಮ ಕೆಂಪು ಅವನಿಗೆ, ಎಡಕ್ಕೆ ಎಡ ಹಾದುಹೋಗಬೇಕು. ಪುಸ್ತಕದ ಚಿತ್ರದ ಹಾಗೇ ಇತ್ತು. ಇವರು ಇನ್ನಷ್ಟು ಬಲಕ್ಕೆ ಸರಿದರು. ಸರಿಯಾಗೇ ಸರಿದರು.

ಆಗ ಸೀಟಿ. ಒಂದು, ಎರಡು, ಮೂರು, ನಾಲ್ಕು, ಐದು. ಯಾರೆಂದು ತಕ್ಷಣ ತಿಳಿಯಿತು. ಯಾಕೆಂದು ತಿಳಿಯಲಿಲ್ಲ. ಕೆಂಪಿನ ಪಕ್ಕದಲ್ಲಿ ಹಸಿರೂ ಕಂಡಿತು. ಎರಡೂ ಒಟ್ಟಿಗೆ ಕಂಡರೆ ನೇರ ನಮ್ಮ ಮೇಲೇ ಬರುತ್ತಿದ್ದಾರೆ ಎಂದು ಅರ್ಥ. ಮೇಷ್ಟ್ರು ಎಡಕ್ಕೆ ತಿರುಗಿಸಿದ್ದರು! ಯಾಕೆ ತಿರುಗಿಸಿದರು? "ಮೇಷ್ಟ್ರೇ" ಎಂದು ಕಿರುಚಿದೆ. ಅಷ್ಟೇ ನೆನಪು.

ಒಬ್ಬರೇ ಇದ್ದರು. ಆಚೆ ದಡದಲ್ಲಿದ್ದ ಕ್ಲಾಸಿನವರನ್ನು ಕರೆತರಲು ಹೊರಟಿದ್ದರಂತೆ. ಲೈಫ್ ಜಾಕೆಟ್ ಹಾಕಿದ್ದರು, ಮುಳುಗಲಿಲ್ಲ. ಪೆಟ್ಟು ಬಿದ್ದದ್ದು ತಲೆಗೆ. ನಾನೇ ಕೈ ಹಿಡಿದುಕೊಂಡಿದ್ದೆ, ದಡ ಮುಟ್ಟುವವರೆಗೂ.

ನಮಗೆ ಏನೂ ಆಗಿಲ್ಲ. ಇವರ ಮೊಣಕೈ ತರಚಿದೆ.

ಮೇ 2, ಶುಕ್ರವಾರ

ಪೊಲೀಸರು ಬಂದಿದ್ದರು. ಸ್ಟೇರಿಂಗ್ ಯಾರ ಕೈಯಲ್ಲಿತ್ತು ಎಂದರು. ಇವರು "ನನ್ನ ಕೈಲಿ" ಎಂದರು. ಬರೆದುಕೊಂಡರು. "ಮೇಷ್ಟ್ರೇ ತಪ್ಪು ಕಡೆ ತಿರುಗಿಸಿದ ಹಾಗೆ ಕಾಣತ್ತೆ. ಮಂಗಳವಾರ ಬೋಟ್ ಇನ್ಸ್‌ಪೆಕ್ಟರ್ ಬರ್ತಾರೆ, ಅಲ್ಲೀವರೆಗೂ ಯಾರೂ ಮುಟ್ಟಬೇಡಿ." ಸ್ಟೇಷನ್ನಿನಲ್ಲಿ ಜಾಗವಿಲ್ಲವೆಂದು ದೋಣಿಯನ್ನು ಎಳೆಸಿ ನಮ್ಮ ಶೆಡ್ಡಿನಲ್ಲೇ ಇಡಿಸಿ, ಟಾರ್ಪಾಲು ಹೊದಿಸಿ ಹೋದರು.

ಅವರು ಹೋದ ಮೇಲೆ ಟಾರ್ಪಾಲು ಎತ್ತಿದೆ. ಯಾಕೆ ಎತ್ತಿದೆನೋ.

ಎಡಕ್ಕೆ ಹಸಿರು. ಬಲಕ್ಕೆ ಕೆಂಪು.

ಹೊಸ ಗಾಜು ಅದಲುಬದಲಾಗಿತ್ತು. ಹಳೆಯ ಗಾಜು ಮೂಲೆಯಲ್ಲಿ ಬಿದ್ದಿತ್ತು. ಒಂದರ ಅಂಚಿನಲ್ಲಿ ಕತ್ತರಿಯ ಗೀರು— ಬೆರಳಿಗೆ ಸಿಗಲೆಂದು ಇವರು ಮಾಡಿಕೊಂಡ ಗುರುತು. ಹೊಸದು ಎರಡೂ ನುಣುಪು. ನನ್ನನ್ನು ಕೇಳಬೇಕಿತ್ತು. ನಾನು ಜೆಟ್ಟಿಯಲ್ಲಿ ಮಾನ ಕಳೆದಿದ್ದೆ, ಹೇಗೆ ಕೇಳುತ್ತಾರೆ? ನಾನಾದರೂ ಇಳಿದು ಒಂದು ಸಲ ನೋಡಬೇಕಿತ್ತು. ಮಾತಾಡಿದರಲ್ಲ ಎಂಬ ಖುಷಿಯಲ್ಲಿ ಫ್ಲಾಸ್ಕು ಹಿಡಿದು ಹತ್ತಿ ಕೂತೆ.

ಮೇಷ್ಟ್ರಿಗೆ ಕಂಡದ್ದು ಹಸಿರು. ಹಸಿರು ಎಂದರೆ ನಾವು ಅವರ ಮುಂದೆ ಅಡ್ಡ ಹಾದು ಬಲಕ್ಕೆ ಹೋಗುತ್ತೇವೆ ಎಂದು. ಜಾಗ ಬಿಟ್ಟುಕೊಡಲೆಂದೇ ಎಡಕ್ಕೆ ತಿರುಗಿಸಿದರು. ದೀಪ ನಂಬಿದರು.

ಮೇ 4, ಭಾನುವಾರ

ಮೇಷ್ಟ್ರ ಹೆಂಡತಿ ಬಂದಿದ್ದರು. ಜಾಕೆಟ್ಟಿಗೆ. ಜಿಪ್ ಇನ್ನೂ ಹಾಕಿರಲಿಲ್ಲ. ನಿಂತಲ್ಲೇ ಕೈಯಲ್ಲಿ ಹೊಲಿದುಕೊಟ್ಟೆ, ಎರಡು ಸಲ ಸೂಜಿ ಚುಚ್ಚಿಕೊಂಡೆ.

"ಎಲ್ರೂ ಹೇಳ್ತಿದಾರೆ ಅಕ್ಕಾ, ಅವರದ್ದೇ ತಪ್ಪು ಅಂತ. ನಮ್ಮ ಮಗನಿಗೂ ಯಾರೋ ಹೇಳಿದಾರೆ, ನಿಮ್ಮಪ್ಪ ಕುಡಿದಿದ್ರಾ ಅಂತ. ನೀವು ಅಲ್ಲೇ ಇದ್ರಲ್ಲ. ಅವರು ಹಾಗೆ ತಿರುಗಿಸ್ತಾರಾ? ಹೇಳಿ ಅಕ್ಕಾ, ಅವರು ಹಾಗೆ ತಿರುಗಿಸೋರಾ?"

ಇವರು ಮೆಷಿನ್ ಮುಂದೆ ತಲೆ ತಗ್ಗಿಸಿ ಕೂತಿದ್ದರು. ನಾನು "ನೀರು ಕುಡೀತೀರಾ" ಎಂದೆ. ಥೂ, ನನ್ನ ನಾಲಿಗೆಗೆ.

ಅವರು ಹೋದ ಮೇಲೆ ಇವರು ಕೇಳಿದರು. "ದೀಪ ತಿರುಗಾಮುರುಗಾ ಆಗಿದೆಯಾ?"

ನಾನು ಬಗ್ಗಿ ನೆಲದ ಮೇಲಿನ ದಾರದ ತುಂಡು ಹೆಕ್ಕತೊಡಗಿದೆ. ಇವರಿಗೆ ಅಷ್ಟು ಸಾಕಾಯಿತು. "ಜೈಲಿಗೆ ಹೆದರಲ್ಲ ಕಣೇ. ಇಷ್ಟು ವರ್ಷ ಅಂಗಡಿ ನಡೆಸಿದವನಿಗೆ ಕಣ್ಣೇ ಇರ್ಲಿಲ್ಲ ಅಂತ ಊರೆಲ್ಲ ಮಾತಾಡತ್ತೆ" ಎಂದರು. ಅತ್ತರು. ಇವರು ಅತ್ತದ್ದು ನೋಡಿದ್ದು ಇದೇ ಮೊದಲು. ತಬ್ಬಿಕೊಳ್ಳಬೇಕು ಅನ್ನಿಸಿತು, ಕೆನ್ನೆಗೆ ಹೊಡೆಯಬೇಕು ಎಂದೂ ಅನ್ನಿಸಿತು.

ಮೇ 6, ಮಂಗಳವಾರ. ಬೆಳಿಗ್ಗೆ

ಎದ್ದು ನೋಡಿದರೆ ಪಕ್ಕದಲ್ಲಿಲ್ಲ. ಶೆಡ್ಡಿಗೆ ಹೋದೆ. ಎರಡೂ ಗಾಜು ಬಿಚ್ಚಿ ಹಲಗೆಯ ಮೇಲೆ ಇಟ್ಟುಕೊಂಡು ನಿಂತಿದ್ದರು. ಯಾವುದು ಯಾವ ಕಡೆ ಇತ್ತು ಎಂದು ಅಷ್ಟರಲ್ಲೇ ಕಲಸಿಹೋಗಿದೆ.

"ಹೋದವರು ಹೋದ್ರು," ಎಂದರು. "ಇದನ್ನೊಂದು ಸರಿ ಮಾಡಿಬಿಡೋಣ. ಕೊಡು."

ಬೇಡ ಎನ್ನಬಹುದಿತ್ತು. ಎಂದಿದ್ದರೆ ಕಣ್ಣುಮುಚ್ಚಿ ಹಾಕಿಬಿಡುತ್ತಿದ್ದರು, ಅದೃಷ್ಟವಿದ್ದರೆ ಸರಿಯಾಗೇ ಕೂರುತ್ತಿತ್ತು. ಆಮೇಲೆ ತಪ್ಪು ಮೇಷ್ಟ್ರದ್ದೇ, ಎಂದೆಂದಿಗೂ.

ದೋಣಿಯ ಕಡೆ ಮುಖ ಮಾಡಿ ಕೈ ಹಿಂದಕ್ಕೆ ಚಾಚಿದರು, ಮೆಷಿನ್ ಮುಂದೆ ಚಾಚುವ ಹಾಗೆ. "ಎಡದ್ದು."

ಹಸಿರು ಇಟ್ಟೆ.

"ಬಲದ್ದು."

ಕೆಂಪು ಇಟ್ಟೆ.

ಸ್ಕ್ರೂ ಬಿಗಿದರು. ಬಟ್ಟೆಯಿಂದ ಬೆರಳ ಗುರುತು ಒರೆಸಿದರು. ಎಷ್ಟು ಅಚ್ಚುಕಟ್ಟು ಕೆಲಸ ಇವರದು. ಟಾರ್ಪಾಲು ಹೊದಿಸಿ, "ನೀನಿಲ್ದಿದ್ರೆ ನಾನು ಕೆಟ್ಟೆ" ಎಂದರು. ನಾನು ಮನೆಯೊಳಗೆ ಬಂದು ಒಲೆ ಹಚ್ಚಿದೆ.

ಅದೇ ದಿನ, ಮಧ್ಯಾಹ್ನ

ಇನ್ಸ್‌ಪೆಕ್ಟರ್ ಗಾಡಿ ಬಂತು. ಸಣ್ಣ ವಯಸ್ಸಿನ ಹೆಂಗಸು, ಕೈಯಲ್ಲಿ ಟಾರ್ಚು. ಲೈಸೆನ್ಸ್ ನನ್ನದು, ನನ್ನನ್ನೂ ಕೇಳುತ್ತಾಳೆ. ಕೇಳಲಿ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಂಡಿದ್ದೇನೆ, ಹಳೆಯ ಗೀರಿನ ಗಾಜೂ ಅವಳಿಗೆ ತೋರಿಸಲೆಂದು ಎತ್ತಿಟ್ಟಿದ್ದೇನೆ.

ಅಡುಗೆಮನೆಯ ಕಿಟಕಿಯಿಂದ ಶೆಡ್ಡು ಪೂರ್ತಿ ಕಾಣುತ್ತದೆ. ಟಾರ್ಪಾಲು ತೆಗೆಸುತ್ತಿದ್ದಾಳೆ. ಇವರೇ ಮುಂದೆ ಬಿದ್ದು ಒಂದು ತುದಿ ಹಿಡಿದಿದ್ದಾರೆ. ಒಗೆದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದಾರೆ.

ಈಗ ಅವಳು ದೋಣಿಯ ಎದುರಿಗೆ ಬಂದು ನಿಂತಳು. ಇವರು ತಿರುಗಿ ನನ್ನ ಕಡೆ ನೋಡುತ್ತಿದ್ದಾರೆ. ದಾರ ಪೋಣಿಸಿ ನೋಡುವ ಹಾಗೆ. ನಾನು ತಲೆಯಾಡಿಸಲಿ ಎಂದು ಕಾಯುತ್ತಿದ್ದಾರೆ. ನಾನು—