ಎಡಗಡೆಯ ಗಂಟು

ಏಪ್ರಿಲ್ ೯, ಬುಧವಾರ

ಇದನ್ನು ಬರೆಯದೆ ಬಿಡುವವಳಿದ್ದೆ. ಎಡಗಡೆಯೂ ಒಂದಿದೆ.

ಬಲಗಿವಿಯ ಕೆಳಗಿನ ಗಂಟು ಇಡೀ ಮಾನ್ವಿಗೇ ಗೊತ್ತು. ಎಡಗಡೆಯದು ಚಿಕ್ಕದು, ದವಡೆಯ ಮೂಲೆಯಲ್ಲಿ, ಒತ್ತಿ ಹುಡುಕಿದರೆ ಮಾತ್ರ ಸಿಗುತ್ತದೆ. ಡಾಕ್ಟರ್ ಮೊದಲ ಸಲ ಮುಟ್ಟಿ ನೋಡಿದಾಗ ಇರಲಿಲ್ಲ. ಯುಗಾದಿಯ ಎಣ್ಣೆಸ್ನಾನದಲ್ಲಿ ಕೈಗೆ ಸಿಕ್ಕಿತು. ಡಾಕ್ಟರಿಗೆ ಹೇಳಿಲ್ಲ. ಇವರಿಗೂ ಹೇಳಿಲ್ಲ. ಒಂದಿದ್ದರೆ ಗಂಟು. ಎರಡಾದರೆ ಹರಡಿದೆ ಅಂತ. ಹಾಗೆಂದು ನನಗೆ ಹೇಳಿದವರು ಯಾರು? ಯಾರೂ ಇಲ್ಲ. ನಾನೇ.

ನಮ್ಮ ಅಕ್ಕಿ ಮಿಲ್ಲಿನಲ್ಲಿ ಹೊಸ ಭತ್ತ ಬರತೊಡಗಿದೆ. ಬಂದವರೆಲ್ಲ ನನ್ನ ಕೆನ್ನೆಗೆ ಒಂದೊಂದು ಕಾರಣ ಕೊಟ್ಟು ಹೋದರು. ಹಲ್ಲು. ಫ್ರಿಜ್ಜಿನ ನೀರು. ಮೊಬೈಲು ಯಾವಾಗಲೂ ಅದೇ ಕಿವಿಗೆ. ಹಮಾಲ ಬೂದೆಪ್ಪ ಮಾತ್ರ ಚೀಲ ಇಳಿಸಿ ನಿಂತು ನೋಡಿದ, ಅಷ್ಟೇ. ಅದಕ್ಕೆ ಇನ್ನೂ ಸಿಟ್ಟು ಬಂತು.

ಏಪ್ರಿಲ್ ೧೫, ಮಂಗಳವಾರ

ರಾಯಚೂರು. ಹೋದ ಸಲ ಗಂಟಿಗೆ ಸೂಜಿ ಹಾಕಿ ತೆಗೆದದ್ದರ ರಿಪೋರ್ಟ್ — ಸ್ಯಾಂಪಲ್ ಸಾಲದು, ರಿಪೀಟ್ ಮಾಡಿ. ಅಷ್ಟು ನೋವಿಗೆ ಇಷ್ಟು ಉತ್ತರ. ಮತ್ತೆ ಚುಚ್ಚಿದರು. ಆಮೇಲೆ ಸ್ಕ್ಯಾನಿಂಗ್.

ಸ್ಕ್ಯಾನಿಂಗ್‌ನವನು ಕುತ್ತಿಗೆಯಲ್ಲಿ ಏನೂ ಇರಬಾರದು ಅಂದ. ಇಷ್ಟಲಿಂಗದ ಕರಡಿಗೆ ಬಿಚ್ಚಿ ಟೇಬಲ್ ಮೇಲಿಡಲು ಹೋದೆ. ಜೊತೆಗೆ ಬಂದಿದ್ದ ಅತ್ತೆ ಕೈ ಹಿಡಿದರು.

“ಮೈ ಬಿಟ್ಟು ಇಡಂಗಿಲ್ಲ ಅದನ್ನ. ತಮ್ಮಾ, ತೋಳಿಗೆ ಕಟ್ಟಿದ್ರ ನಿನ್ನ ಮಶಿನಿಗೆ ಏನರ ಆಗ್ತದೇನು?”

“ಏನಾಗಲ್ಲ ಬಿಡ್ರಿ ಅಜ್ಜಿ. ಕಟ್ರಿ.”

ತಾವೇ ಕಟ್ಟಿದರು, ಬಿಗಿಯಾಗಿ. ಚೀಟಿಯಲ್ಲಿ ಬರೆದದ್ದು ಬಲಗಡೆಗೆ ಮಾತ್ರ. ಅವನು ಎಡಕ್ಕೆ ಕೈ ಒಯ್ಯಲಿಲ್ಲ. ಒಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮರುಕ್ಷಣ, ಒಯ್ಯದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ನಾನು ಯಾವ ಸೀಮೆಯ ವಿದ್ಯಾವಂತೆ?

ಏಪ್ರಿಲ್ ೨೦, ಭಾನುವಾರ

ಮಸರಕಲ್‌ಗೆ ಇವರೂ ಅತ್ತೆಯೂ ಕರೆದುಕೊಂಡು ಹೋದರು. ಅತ್ತೆಯ ತವರು. ಅವರ ತಂಗಿ ಶಿವಗಂಗಮ್ಮ ಸುಣ್ಣ, ಬೆಲ್ಲ ಕಲಸಿಟ್ಟುಕೊಂಡೇ ಕೂತಿದ್ದರು.

“ಹಚ್ಚತೀನಿ ಬಾ ಯವ್ವಾ. ಮೂರು ದಿನದಾಗ ಇಳೀತದ.”

“ಬ್ಯಾಡ್ರಿ ಚಿಕ್ಕತ್ತಿ. ಚರ್ಮ ಸುಟ್ರ ಡಾಕ್ಟರು ಬೈತಾರ್ರಿ.”

“ಡಾಕ್ಟರು ಎರಡು ತಿಂಗಳಿಂದ ನೋಡಾಕತ್ಯಾರ. ಏನ್ ಕಂಡಾರ?”

ಹಚ್ಚಿಸಿಕೊಳ್ಳಲಿಲ್ಲ. ಆದರೆ ಅವರು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ತಿರುಗಿಸಿದರು. ಬಲಗೈಯ ಹೆಬ್ಬೆರಳು ನನ್ನ ಎಡದವಡೆಯ ಮೇಲೆ ನಿಂತಿತು.

“ಈ ಕಡೀನೂ ಏನೋ ಹತ್ತತದಲ್ಲ…”

“ಅದು ಎಲುಬು ಚಿಕ್ಕತ್ತಿ.”

ಎಷ್ಟು ಸಲೀಸಾಗಿ ಬಂತು ಸುಳ್ಳು.

ವಾಪಸು ಬರುವಾಗ ದೇವದುರ್ಗದಲ್ಲಿ ಕಾರು ನಿಲ್ಲಿಸಿ ಮತ್ತೊಂದು ನೀರಿನ ಬಾಟ್ಲಿ. “ಎಷ್ಟು ನೀರು ಕುಡೀತಿ?” ಅಂದರು ಇವರು. ಬಿಸಿಲು ಅಂದೆ. ಕಣ್ಣು ಉರಿಯುತ್ತಿತ್ತು. ಮಿಲ್ಲಿನ ಧೂಳು ಅಂದೆ. ನನ್ನ ಹತ್ತಿರವೂ ಎಲ್ಲದಕ್ಕೂ ಒಂದೊಂದು ಕಾರಣ ಸಿದ್ಧ ಇದೆ.

ಏಪ್ರಿಲ್ ೨೯, ಮಂಗಳವಾರ

ಎರಡನೆಯ ರಿಪೋರ್ಟ್. ಲಿಂಫೋಸೈಟ್‌ಗಳು ಕಾಣುತ್ತಿವೆ, ಕ್ಲಿನಿಕಲ್ ಆಗಿ ಕೋರಿಲೇಟ್ ಮಾಡಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು. ಒಂದೊಂದು ಪದವೂ ಅರ್ಥವಾಯಿತು. ವಾಕ್ಯ ಅರ್ಥವಾಗಲಿಲ್ಲ.

“ಕ್ಯಾನ್ಸರ್ ಏನ್ರಿ?” — ನೇರ ಕೇಳಿದೆ.

“ಹೌದು ಅನ್ನಾಕೂ ಆಗವಲ್ದು, ಅಲ್ಲ ಅನ್ನಾಕೂ ಆಗವಲ್ದು ನೋಡ್ರಿ. ತೆಗೆದೇ ನೋಡಬೇಕು,” ಅಂದರು ಡಾಕ್ಟರ್. ಮುಖದ ನರ ಗಂಟಿರುವ ಆ ಎಂಜಲು ಗ್ರಂಥಿಯ ಒಳಗೇ ಹಾದುಹೋಗುತ್ತದಂತೆ. ಹುಷಾರಾಗಿ ಮಾಡುತ್ತಾರಂತೆ. ಆದರೂ ಬಾಯಿ ಒಂದು ಕಡೆ ಸೊಟ್ಟಗಾಗಬಹುದಂತೆ. ಮೇ ೧೩ಕ್ಕೆ ಆಪರೇಶನ್.

ಬಚ್ಚಲ ಕನ್ನಡಿಯಲ್ಲಿ ನಕ್ಕು ನೋಡಿದೆ. ಮೂರ್ಖತನ. ಮತ್ತೆ ನಕ್ಕು ನೋಡಿದೆ.

ಮೇ ೭, ಬುಧವಾರ

ಸತ್ತಾರ್ ಸಾಬ್ ರಾಯಚೂರಿನಿಂದ ಬಂದಿದ್ದರು. ಮದುವೆ ಅಡುಗೆಯ ಗುತ್ತಿಗೆದಾರರು, ಮಾವನ ಕಾಲದಿಂದಲೂ ನಮ್ಮದೇ ಅಕ್ಕಿ. ಕೈಯಲ್ಲಿ ಟಿಫಿನ್ ಡಬ್ಬಿ. ಮುಚ್ಚಳ ತೆಗೆದು ಮುಂದಿಟ್ಟರು.

“ಅಕ್ಕಾರ, ಇದು ಹಳೇ ಅಕ್ಕಿ ಏನ್ರಿ?”

ಹೊಸ ಅಕ್ಕಿ ಬೆಂದಂತೆ ಅನ್ನ ಮುದ್ದೆಯಾಗಿತ್ತು.

“ಮದವಿ ವಲೀಮಾ ಊಟದಾಗ ಮಂದಿ ಉಂಡು ಏನಂದ್ರು ಗೊತ್ತೇನ್ರಿ? ಸತ್ತಾರ್ ಸಾಬ್, ಖಿಚಡಿ ಭಾಳ ಚಲೋ ಆಗ್ಯದ, ಬಿರಿಯಾನಿ ಯಾವಾಗ ತರ್ತೀರಿ ಅಂದ್ರು!”

ನಗುತ್ತಲೇ ಹೇಳಿದರು. ಆದರೆ ಕಣ್ಣಲ್ಲಿ ನಗು ಇರಲಿಲ್ಲ. ಆ ಲಾಟನ್ನು ಹಳೆಯದು ಅಂತ ಪಾಸು ಮಾಡಿದ್ದು ನಾನು. ಎಲೆಯಡಿಕೆ, ಜರ್ದಾ ಹಾಕದ ಬಾಯಿ ಮನೆಯಲ್ಲಿ ನನ್ನದೊಂದೇ. ಅದಕ್ಕೇ ಮಾವ ಈ ಕೆಲಸ ನನಗೆ ಕಲಿಸಿದ್ದು. ಒಂದು ಚಿಟಿಕೆ ಅಕ್ಕಿ ಅಗಿ. ಹೊಸದಾದರೆ ಬಾಯಲ್ಲಿ ಅಂಟಾಗುತ್ತದೆ. ಹಳೆಯದಾದರೆ ಪುಡಿಪುಡಿ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಮೇ ೮, ಬೆಳಿಗ್ಗೆ ೬

ಎರಡು ಬಟ್ಟಲು ಇಟ್ಟುಕೊಂಡು ಕೂತೆ. ಒಂದರಲ್ಲಿ ಹೋದ ವರ್ಷದ ಅಕ್ಕಿ, ಇನ್ನೊಂದರಲ್ಲಿ ನಿನ್ನೆ ಮಿಲ್ಲಿನಿಂದ ಬಂದದ್ದು. ಕಣ್ಣು ಮುಚ್ಚಿ ಅಗಿದೆ. ಮರಳು. ಬಾಯಿ ಮುಕ್ಕಳಿಸಿ ಇನ್ನೊಂದನ್ನು ಅಗಿದೆ. ಮರಳು.

ಅಂಟಾಗಲು ಎಂಜಲು ಬೇಕು. ನನ್ನ ಬಾಯಲ್ಲಿ ಎಂಜಲೇ ಇಲ್ಲ.

ರಾಯಚೂರು ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ ಬಾಯಿ ಒಣಗಿದೆ ಅಂತ ಯಾವ ಡಾಕ್ಟರಿಗೆ ಹೇಳುವುದು? ಅವರ ಬಾಯಿಯೂ ಒಣಗಿರುತ್ತದೆ. ಆದರೆ ನನ್ನದು ಸಂಕ್ರಾಂತಿಗೂ ಒಣಗಿತ್ತು. ಈಗ ನೆನಪಾಗುತ್ತಿದೆ.

ಮೇ ೯, ಶುಕ್ರವಾರ

ಡಾಕ್ಟರಿಗೆ ಎಲ್ಲ ಹೇಳಿದೆ. ಬಾಯಿ, ಕಣ್ಣು, ಅಕ್ಕಿ, ಎಡಗಡೆ. ಇವರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ತಿರುಗಿ ನೋಡಲಿಲ್ಲ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ಎರಡೂ ಕಡೆ ಮುಟ್ಟಿ ನೋಡಿದರು.

“ಎಂದಿನಿಂದ ಅದ ಇದು?”

“ಯುಗಾದಿಯಿಂದ.”

“ಮೇಡಂ, ನೀವು ಓದಿದವ್ರು. ಮಂಗಳವಾರ ನಿಮ್ಮ ಮುಖ ಕೊಯ್ಯೋನಿದ್ದೆ ನಾ!”

ಎರಡೂ ಕಡೆ ಬಂದು, ಬಾಯಿ ಕಣ್ಣು ಒಣಗಿದರೆ ಯೋಚನೆಯ ದಾರಿಯೇ ಬೇರೆಯಂತೆ. ದೇಹ ತನ್ನ ಗ್ರಂಥಿಗಳನ್ನೇ ಒಣಗಿಸುವ ಕಾಯಿಲೆ ಒಂದಿದೆಯಂತೆ. ಅದಕ್ಕೆ ಮಾತ್ರೆ ಸಾಕಾಗಬಹುದು. ಕೆಟ್ಟದ್ದು ಇಲ್ಲವೇ ಇಲ್ಲ ಅಂತಲ್ಲ. ಆಪರೇಶನ್ ಸದ್ಯಕ್ಕೆ ಬೇಡ. ರಕ್ತಪರೀಕ್ಷೆ. ಪುಟ್ಟ ಎಂಜಲು ಗ್ರಂಥಿಗಳಿರುವ ಕೆಳತುಟಿಯ ಒಳಗಿಂದ ಒಂದು ತುಣುಕು ತೆಗೆಯಬೇಕು.

“ಎಷ್ಟು ದೊಡ್ಡದು?” ಕೇಳಿದೆ.

“ಅಕ್ಕಿಕಾಳಿನಷ್ಟು.”

ನಾನೊಬ್ಬಳೇ ನಕ್ಕೆ.

ಅಂಜಿಕೆಯಿಂದ ಮುಚ್ಚಿಟ್ಟದ್ದೇ ಅಂಜಿಕೆ ಕಡಿಮೆ ಮಾಡುವ ಸುದ್ದಿಯಾಗಿತ್ತು. ಇದಕ್ಕೆ ಯಾರನ್ನು ಬೈಯಲಿ?

ರಾಯಚೂರು ದಾಟಿದ ಮೇಲೆ ಇವರು ಕಾರನ್ನು ರಸ್ತೆಯ ಬದಿಗೆ ತಂದರು. ಬೈಯುತ್ತಾರೆ ಅಂದುಕೊಂಡೆ.

“ಎಲ್ಲಿ ಅದ, ತೋರ್ಸು.”

ಅವರ ಬೆರಳು ಹಿಡಿದು ಇಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ.

“ಇಷ್ಟು ದಿನ ಒಬ್ಬಾಕೀನೇ ಇಟ್ಕೊಂಡು ಕುಂತಿದ್ದಿ ಇದನ್ನ.”

ಮೇ ೨೩, ಶುಕ್ರವಾರ

ರಕ್ತದ ರಿಪೋರ್ಟ್ — ಬಾರ್ಡರ್‌ಲೈನ್. ತುಟಿಯ ರಿಪೋರ್ಟ್ — ಕಾಯಿಲೆ ಇರಬಹುದು. ಲಿಂಫೋಮಾ, ಅಂದರೆ ಗ್ರಂಥಿಯ ಕ್ಯಾನ್ಸರ್, ಅಲ್ಲ ಅಂತ ಖಾತ್ರಿಗೆ ಹೈದರಾಬಾದಿನಲ್ಲಿ ಇನ್ನೊಂದು ಪರೀಕ್ಷೆ ಆಗಲಿ. ಇರಬಹುದು! ಊಟ ಮಾಡಲಾಗದಂತೆ ತುಟಿ ಕೊಯ್ಯಿಸಿಕೊಂಡದ್ದು ಈ ಒಂದು ಪದಕ್ಕೆ.

ಲ್ಯಾಬಿನವನು ಮೇಣದ ಪುಟ್ಟ ಬಿಲ್ಲೆಯೊಂದನ್ನು ಕೈಗೆ ಕೊಟ್ಟ. ಅದರೊಳಗೆ ತುಟಿಯ ಆ ತುಣುಕು, ಅಂದರೆ ನಾನು. ಪೋಸ್ಟ್ ಮಾಡಿದರೂ ನಡೆಯುತ್ತದಂತೆ. “ಬಿಸಲಾಗ ಇಡಬ್ಯಾಡ್ರಿ, ಮೇಣ ಮೆತ್ತಗಾಗ್ತದ.” ಇಲ್ಲಿ ಬಿಸಿಲಿಲ್ಲದ ಜಾಗ ಯಾವುದು ಅಂತ ಅವನೇ ಹೇಳಬೇಕಿತ್ತು.

ಮೇ ೨೫, ಭಾನುವಾರ

ಇವರು: “ನಾಳೆ ಹೈದರಾಬಾದಿಗೆ ನಮ್ಮದೇ ಲಾರಿ ಹೊಂಟದ, ಅದರಾಗ ಕಳಸೂಣು.” ಬೇಡವೇ ಬೇಡ ಅಂದೆ. ಅಕ್ಕಿ ಚೀಲದ ಜೊತೆ ನಾನು ಹೋಗುವುದಿಲ್ಲ. ಕ್ಯಾಬಿನ್ ಮಧ್ಯಾಹ್ನ ಒಲೆಯಾಗಿರುತ್ತದೆ.

ಅತ್ತೆ ಮಿಲ್ಲಿನಿಂದ ಒಂದು ಮೊರ ಭತ್ತದ ಹೊಟ್ಟು ತರಿಸಿದರು.

“ಇದರಾಗ ಹುಗದು ಕಳಸು. ನಮ್ಮ ಮದವಿಗೆ ರಾಯಚೂರಿಂದ ಐಸ್ ಹಿಂಗ ಬಂದಿತ್ತು. ಮಸರಕಲ್ ಮುಟ್ಟೋತನಕ ಕರಗಿರಲಿಲ್ಲ.”

ಮೇಣದ ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಡಬ್ಬಿಯನ್ನು ಹೊಟ್ಟಿನಲ್ಲಿ ಹುಗಿದೆ. ಅತ್ತೆ ಅಂಗೈಯಿಂದ ಒತ್ತಿ ಒತ್ತಿ ತುಂಬಿದರು, ನಡುನಡುವೆ ನನ್ನ ಮುಖ ನೋಡುತ್ತ.

“ಎರಡೂ ಕಡಿ ಅದ ಅಂತ ಚೀಟಿಯಾಗ ಬರದಿಯಿಲ್ಲ?”

“ಬರದೀನ್ರಿ ಅತ್ತಿ. ದೊಡ್ಡಕ್ಷರದಾಗ.”

ಪಾರ್ಸೆಲ್ ದೇವರಮನೆಯಲ್ಲಿದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪು ಜಾಗ, ಬೇರೆ ಕಾರಣವಿಲ್ಲ. ಇರಬಹುದು. ಪೋಸ್ಟ್ ಆಫೀಸಿಗೆ ಇವರೂ ಬರುತ್ತಾರಂತೆ. ಬಿಸಿಲೇರುವ ಮುಂಚೆ ಹೊರಡುವುದು, ನಾಳೆ, ಸೋಮವಾರ, ಮೇ ೨೬.