ಹುಲಿಯ ಬಾಯಿ ಕಟ್ಟುವ ಮಂತ್ರಕ್ಕೆ ಕೊಟ್ಟ ತೀರ್ಪು

ಹೊಸನಗರ
೧೨ ಫೆಬ್ರವರಿ ೨೦೨೫

ಮೊಮ್ಮಗಳು ಸುಚಿತ್ರಾಳಿಗೆ,

ಸಿಟ್ಟು ಇಳಿದಿದ್ದರೆ ಆಶೀರ್ವಾದ. ಇಳಿಯದಿದ್ದರೂ ಆಶೀರ್ವಾದ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನೂ ಬಿಡುವವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಓದಿದವಳ ಕನ್ನಡ, ತಪ್ಪು ಹುಡುಕುತ್ತಾ ಕೂರಬೇಡ.

ಭಾನುವಾರ ಲಿಖಿತ್ ಮತ್ತು ಅವನ ತಂಗಿ ಆಶಾ ತೀರ್ಥಹಳ್ಳಿಯಿಂದ ಬಂದಿದ್ದರು. ನೀನು ಬರಬಹುದೆಂದು ಸಾಗರದ ಬಸ್ಸು ಬರುವವರೆಗೂ ಕಾದರು. ನಿಮ್ಮ ಆಟದ ಪುಸ್ತಕ ಬರುವ ಸೋಮವಾರ ಶಿವಮೊಗ್ಗದ ಪ್ರೆಸ್ಸಿಗೆ ಹೋಗಬೇಕು, ಮಂತ್ರಗಳ ಅಧ್ಯಾಯ ನಿನ್ನಲ್ಲೇ ಉಳಿದಿದೆ, ನೀನು ಕಳಿಸುತ್ತಿಲ್ಲವಂತೆ. ಹಾಗಾದರೆ ಅದೊಂದು ಬಿಟ್ಟು ಅಚ್ಚು ಹಾಕಿಸು ಎಂದೆ, ಅವನ ಮನಸ್ಸು ನೋಡಲು. "ಅವಳಿಲ್ದೆ ಪುಸ್ತಕನೇ ಬೇಡ ಬಿಡಿ ಅಮ್ಮಮ್ಮ" ಎಂದ. ಒಳ್ಳೆಯ ಹುಡುಗ. ಆದರೆ ಎರಡು ವರ್ಷದ ಕೆಲಸ ಹೀಗೆ ಮೂಲೆ ಸೇರುವುದು ನನಗೆ ಒಪ್ಪಿಗೆಯಿಲ್ಲ.

ನೀನು ಸಾಗರದವಳು, ಅವರು ತೀರ್ಥಹಳ್ಳಿಯವರು, ನಡುವೆ ಹೊಸನಗರ ಎಂದು ನನ್ನ ಜಗಲಿಗೆ ಬಂದು ಕೂತವರು ನೀವು. ದಾಳ ಕಂಡು ಮೊದಲ ದಿನ ಜೂಜು ಎಂದೇ ತಿಳಿದು ಎಬ್ಬಿಸಿ ಓಡಿಸಲು ಹೊರಟಿದ್ದೆ. ಈಗ ಪಕ್ಕದ ಮನೆ ರಂಗಮ್ಮ ಬೇಲಿಯ ಹತ್ತಿರ ನಿಂತು, "ಅದೆಂಥ ಆಟವೇ ವರದಮ್ಮ, ರಾಕ್ಷಸ ಬಂದ ರಾಕ್ಷಸ ಬಂದ ಅಂತ ಕೂಗ್ತಾವೆ?" ಎಂದು ಕೇಳಿದರೆ, "ಬಂದ್ರೆ ಕೂಗ್ದೆ ಕಾಫಿ ಕೊಡ್ತಾರಾ?" ಎನ್ನುತ್ತೇನೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಆ ಕಥೆಯೊಳಗಿನ ಜನರಾಗಿ ಆಡುತ್ತಾರೆ, ಎಣಿಸಿದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ, ಇಂಥ ಆಟ ಕಟ್ಟಿದವಳು ನನ್ನ ಮೊಮ್ಮಗಳು ಎಂದು ಊರಿಗೆಲ್ಲ ಹೇಳಿದ್ದೇನೆ. ರೇಷನ್ ಅಂಗಡಿಯವನಿಗೂ ಗೊತ್ತು. ಅಂಥದ್ದರಲ್ಲಿ ಪುಸ್ತಕ ಬರಲಿಲ್ಲ ಎಂದು ಯಾವ ಮುಖದಲ್ಲಿ ಹೇಳಲಿ?

ಈಗ ತೀರ್ಪಿನ ವಿಷಯ. ಅದನ್ನು ನಾನು ಬದಲಿಸುವುದಿಲ್ಲ. ಯಾಕೆ ಹಾಗೆ ಕೊಟ್ಟೆ ಎಂದು ಮಾತ್ರ ಹೇಳುತ್ತೇನೆ.

ಹೋದ ಸಲ ಆಡುವಾಗ ನೀನು ಹೊಸ ಮಂತ್ರದ ಪರೀಕ್ಷೆಗೆಂದು ಆಶಾ ಆಡಿಸುವ ಮಾಂತ್ರಿಕನ ಬಾಯಿ ಕಟ್ಟಿದೆ. ಬಾಯಿ ಕಟ್ಟಿದ ಮೇಲೆ ಅವನು ಮಂತ್ರ ಹೇಳುವಂತಿಲ್ಲ, ತಪ್ಪಿಸಿಕೊಳ್ಳಲು ದಾಳ ಹಾಕುವಂತಿಲ್ಲ, ನಿನಗೆ ಕಳೆದುಕೊಳ್ಳುವುದೂ ಏನಿಲ್ಲ. ಲಿಖಿತ್, "ಇದು ಜಾಸ್ತಿ ಆಯ್ತು ಕಣೇ. ಇದೊಂದಿದ್ರೆ ಬೇರೆ ಮಂತ್ರ ಯಾರು ಕಲೀತಾರೆ?" ಎಂದ. ನೀನು, "ಇದು ಅಮ್ಮಮ್ಮನ ಅಪ್ಪ, ನಮ್ ಬೆಳ್ಳಪ್ಪಜ್ಜನ ಮಂತ್ರ. ಶಕ್ತಿ ಇರೋದೇ ಹಂಗೆ. ಬೇಕಾದ್ರೆ ಅಮ್ಮಮ್ಮನ್ನ ಕೇಳೋಣ, ಅವಳು ಹೇಳಿದ್ದೇ ಕೊನೆ" ಎಂದೆ. ನಾನು ನಿನ್ನ ಕಡೆಯೇ ವಾಲುತ್ತೇನೆ ಎಂದು ನಿನಗೆ ಧೈರ್ಯ.

ನಾನು ಮಂತ್ರ ತೂಗುವ ರೀತಿ ಕೇಳು. ನಿಮ್ಮ ಲೆಕ್ಕಾಚಾರ ನನಗೆ ಹತ್ತುವುದಿಲ್ಲ. ಒಬ್ಬಳು ಮಂತ್ರ ಹಾಕುವಾಗ ಉಳಿದವರು ಏನು ಮಾಡುತ್ತಿದ್ದಾರೆ ಎಂದು ನೋಡುತ್ತೇನೆ. ನೀನು ಬರೆದ ಬೆಂಕಿಯ ಮಂತ್ರ ದೊಡ್ಡದು, ಆದರೂ ಅದನ್ನು ಹಾಕಿದಾಗ ಎಲ್ಲರೂ ಮುಂದೆ ಬಾಗಿದರು. ಹಾರಿ ತಪ್ಪಿಸಿಕೊಳ್ಳಬಹುದು, ನೀರಿಗೆ ಬೀಳಬಹುದು, ಗುರಾಣಿ ಹಿಡಿಯಬಹುದು. ಬಾಯಿಕಟ್ಟು ಹಾಕಿದ ಮೇಲೆ ಆಶಾ ದಾಳ ಕೆಳಗಿಟ್ಟಳು. ಆಮೇಲೆ ಎದ್ದು ಹೋಗಿ ಒಳಗೆ ಲೋಟ ತೊಳೆಯತೊಡಗಿದಳು. ನೀನು ಗೆಲ್ಲುತ್ತಿದ್ದೆ, ನೋಡಲಿಲ್ಲ. ನಾನು ನೋಡಿದೆ. ಆಡಲು ಬಂದವಳನ್ನು ಪಾತ್ರೆ ತೊಳೆಯಲು ಕಳಿಸುವ ಮಂತ್ರ ಎಷ್ಟು ಬಲದ್ದಾದರೂ ನನ್ನ ಜಗಲಿಯಲ್ಲಿ ನಡೆಯುವುದಿಲ್ಲ.

ಅದಕ್ಕೇ ಹೇಳಿದೆ: ಕಟ್ಟಿಸಿಕೊಂಡವರಿಗೆ ಪ್ರತಿ ಸುತ್ತಿಗೂ ಒಂದು ದಾಳ ಕೊಡಬೇಕು, ಕಟ್ಟಿದವಳು ಕಟ್ಟು ಬಿಚ್ಚುವ ತನಕ ತಾನೂ ತುಟಿ ಬಿಚ್ಚಬಾರದು, ಬಿಚ್ಚಿದರೆ ಕಟ್ಟೂ ಬಿಚ್ಚಿಹೋಗಬೇಕು. "ಅಮ್ಮಮ್ಮ, ನಿಮ್ಮಪ್ಪನ ಮಂತ್ರನ ನೀನೇ ಸಣ್ಣದು ಮಾಡ್ತೀಯಲ್ಲೇ!" ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ. ಹಿಂದಿನಿಂದ ಕೂಗಿ ಕರೆಯುವುದು ನನ್ನ ಅಭ್ಯಾಸವಲ್ಲ.

ಸಣ್ಣದು ಮಾಡಲಿಲ್ಲ ಮಗಳೇ. ನೀನು ಅರ್ಧ ಬರೆದಿದ್ದೆ. ನನ್ನ ತವರು ಹುಲಿಕಲ್ಲಿನ ಕಥೆ ಹೇಳುವಾಗ ಹುಲಿ ಬಂದ ಕೂಡಲೇ ನೀನು ಮುಸುಕೆಳೆದು ನಿದ್ದೆ ಹೋಗುತ್ತಿದ್ದೆ. ಉಳಿದ ಅರ್ಧ ಈಗ ಕೇಳು. ದನಗಳನ್ನು ಕಾಡಿಗೆ ಬಿಡುವಾಗ ಅಪ್ಪ ಒಂದು ದಾರಕ್ಕೆ ಗಂಟು ಹಾಕಿ ಹುಲಿಯ ಬಾಯಿ ಕಟ್ಟುತ್ತಿದ್ದರು. ದನ ಕೊಟ್ಟಿಗೆಗೆ ಬಂದು, ಆ ಗಂಟು ಬಿಚ್ಚುವವರೆಗೆ ಅವರು ಅನ್ನ ಮುಟ್ಟುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಹುಲಿಯೂ ಹಸಿದಿರುತ್ತದೆ, ಅದರ ಹಸಿವಿನಲ್ಲಿ ಕಟ್ಟಿದವನಿಗೂ ಪಾಲಿರಬೇಕು ಎನ್ನುವುದು ಅವರ ನೇಮ. ಬಿಚ್ಚಲು ಮರೆತರೆ ಪಾಪ. ಒಮ್ಮೆ ಮನೆಗೆ ನೆಂಟರು ಬಂದು, "ಏನ್ ಬೆಳ್ಳಪ್ಪ, ಬನ್ನಿ ಅನ್ನೋಕೂ ಆಗಲ್ವಾ?" ಎಂದು ಮುನಿಸಿಕೊಂಡು ಅಂಗಳದಿಂದಲೇ ತಿರುಗಿ ಹೋದರು. ಅಪ್ಪ ಕೈ ಮುಗಿದು ನಿಂತಿದ್ದರು, ಬಾಯಿ ಬಿಡಲಿಲ್ಲ. ಮಂತ್ರಕ್ಕೆ ಹುಲಿ ಹೆದರಿತೋ ಇಲ್ಲವೋ ನಾನು ಕಂಡಿಲ್ಲ. ಅಪ್ಪ ಹಾಗೆ ನಿಂತದ್ದನ್ನು ಕಂಡಿದ್ದೇನೆ. ಊರಿನವರು ಅವರಿಗೆ ದಾರಿ ಬಿಡುತ್ತಿದ್ದದ್ದು ಅದಕ್ಕೆ.

ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಎನ್ನಬಹುದು. ತೀರ್ಪು ಕೇಳಿದವಳು ನೀನು, ಕೊಟ್ಟೆ. ಅಪ್ಪನ ಕಥೆಯನ್ನು ಸಾಕ್ಷಿಗೆ ತಂದು ಮೊಮ್ಮಗಳ ಮುಂದೆ ವಾದ ಮಾಡುವಷ್ಟು ನಾನಿನ್ನೂ ಇಳಿದಿಲ್ಲ.

ನೀನು ಕಟ್ಟಿದ ಆಟದಲ್ಲಿ ಘಟ್ಟವಿದೆ, ಕೋಟೆಯಿದೆ, ಆಗುಂಬೆಯ ಮಂಜು ಕೂಡ ಮಂತ್ರವಾಗಿದೆ. ಬೇರೆ ಯಾರಿಗೂ ಇದು ಹೊಳೆಯಲಿಲ್ಲ. ಬಾಯಿಕಟ್ಟು ಪೂರ್ತಿಯಾಗಿ, ಬೆಳ್ಳಪ್ಪನ ಹೆಸರು ಸೇರಿ ಅಚ್ಚಾಗಲಿ. ಕೆಳಗೆ ನಿನ್ನ ಹೆಸರಿರಲಿ. ನನ್ನ ಹೆಸರು ಎಲ್ಲೂ ಬೇಡ.

ಸೋಮವಾರದೊಳಗೆ ಲಿಖಿತ್‌ಗೆ ಅಧ್ಯಾಯ ತಲುಪಬೇಕು. ಇದು ಕೇಳಿಕೊಳ್ಳುತ್ತಿರುವುದಲ್ಲ, ಹೇಳುತ್ತಿರುವುದು.

ನಿನ್ನ ಅಮ್ಮಮ್ಮ,
ವರದಮ್ಮ

ತಾ.ಕ.: ಭಾನುವಾರ ಹೊಸ ನೇಮದಂತೆ ಮಂತ್ರವನ್ನು ಆಡಿ ನೋಡಿದೆವು. ಘಟ್ಟದ ರಾಕ್ಷಸನ ಬಾಯಿಯನ್ನು ನಾನೇ ಕಟ್ಟಿದೆ. ಅಷ್ಟರಲ್ಲಿ ಆಶಾಳ ಮಾಂತ್ರಿಕ ನೇರ ಅವನ ಗುಹೆಗೇ ಹೊರಟ. ನಾನು ಕೈಸನ್ನೆ ಮಾಡಿದರೆ ಆಶಾ, "ಅಮ್ಮಮ್ಮಂಗೆ ನೀರ್ ಬೇಕಂತೆ" ಎಂದು ಚೊಂಬು ತಂದಿಟ್ಟಳು. ಲಿಖಿತ್ ಬಿದ್ದು ಬಿದ್ದು ನಕ್ಕ. ಕೊನೆಗೆ ತಡೆಯಲಾಗದೆ, "ಆ ಕಡೆ ಹೋಗ್ಬೇಡ ಕಣೇ ಮಂಕೇ!" ಎಂದು ಕೂಗಿಬಿಟ್ಟೆ. ಕಟ್ಟು ಬಿಚ್ಚಿತು, ಆಶಾಳ ಮಾಂತ್ರಿಕ ಓಡಿ ಬದುಕಿದ, ರಾಕ್ಷಸ ನನ್ನನ್ನು ನುಂಗಿದ. ಪುಸ್ತಕದಲ್ಲಿ ಇಷ್ಟು ಒಳ್ಳೆಯ ಮಂತ್ರ ಇನ್ನೊಂದಿಲ್ಲ. ಈಗ ನನಗೆ ಆಡಲು ಪಾತ್ರವಿಲ್ಲ. ಲಿಖಿತ್ ಹೊಸದು ಬರೆದುಕೊಡುತ್ತೇನೆ ಎಂದ. ಬೇಡ, ಸಾಗರದ ಬಸ್ಸಿನಲ್ಲಿ ಬರುವವಳು ಬರೆಯಲಿ ಎಂದಿದ್ದೇನೆ.