ಬಾಗಿದ ಕೊಂಬೆಗಳು

ರಾಜಾಜಿನಗರ
12 ಫೆಬ್ರುವರಿ 2025

ಚನ್ನವೀರೇಶ್ ಅವರಿಗೆ, ನಮಸ್ಕಾರ.

ನಿಮ್ಮ ಮೆಸೇಜು ಬಂತು. ವಾಟ್ಸಾಪಿನಲ್ಲಿ ಉತ್ತರಿಸಿದರೆ ಅರ್ಧ ಓದಿ ಬಿಡುತ್ತೀರಿ, ಅದಕ್ಕೇ ಕಾಗದ. ಉಲ್ಲಾಳದ ತೋಟದ ಮರಸೇಬು ಗಿಡಗಳಲ್ಲಿ ಬರೀ ಎಲೆ, ಒಂದೂ ಹೂವಿಲ್ಲ, ಶಿವರಾತ್ರಿ ಕಳೆದ ಕೂಡಲೇ ಸೈಟು ಕೊಳ್ಳುವವರು ನೋಡಲು ಬರುತ್ತಾರೆ, ನೀನೇ ಬಂದು ಏನಾದರೂ ಮಾಡು ಎಂದಿದ್ದೀರಿ. ಕೊನೆಯಲ್ಲಿ ಪ್ಲೀಸ್ ಕೂಡ ಇದೆ. ಮದುವೆಯಾದ ಮೇಲೆ ಮೊದಲ ಸಲ.

ಬರುವುದಿಲ್ಲ. ಕಾರಣ ಮಾತ್ರ ಹೇಳುತ್ತೇನೆ.

ನೆಟ್ಟಗೆ ಮೇಲಕ್ಕೆ ಹೋಗುವ ಕೊಂಬೆ ಎಲೆಯನ್ನೇ ಬೆಳೆಸುತ್ತದೆ. ಮೆಲ್ಲಗೆ ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ಅದರ ಓಟ ತಗ್ಗಿ ಹೂಮೊಗ್ಗು ಕೂರುತ್ತದೆ. ಈ ವರ್ಷ ಅರಳುವ ಮೊಗ್ಗು ಹೋದ ಬೇಸಿಗೆಯಲ್ಲೇ ತಯಾರಾಗಿರುತ್ತದೆ. ಅದಕ್ಕೇ ನಾನು ಪ್ರತಿ ಬೇಸಿಗೆ ಹಳೆಯ ಸೀರೆಗಳ ಅಂಚು ಹರಿದು, ಕಲ್ಲು ಕಟ್ಟಿ ಕೊಂಬೆಗಳನ್ನು ಬಗ್ಗಿಸುತ್ತಿದ್ದೆ. "ಏನೇ, ಗಿಡಕ್ಕೆ ಸೀರೆ ಉಡಿಸ್ತಿದೀಯಾ? ಕಾನ್ವೆಂಟಲ್ಲಿ ಇದನ್ನೇ ಕಲ್ಸಿದ್ರಾ?" ಎಂದು ಗೆಳೆಯರ ಮುಂದೆ ನಕ್ಕಿರಿ. ಹೂ ಬಂದಾಗ ಅದೇ ಗೆಳೆಯರಿಗೆ "ಎಲ್ಲಾ ನನ್ ಟೆಕ್ನಿಕ್ಕು ಗುರು" ಎಂದಿರಿ. ಕಾಫಿ ತಟ್ಟೆ ಹಿಡಿದು ನಾನು ಅಲ್ಲೇ ನಿಂತಿದ್ದೆ.

ನಾನು ಮನೆ ಬಿಟ್ಟ ಮೇಲೆ, ದೀಪಾವಳಿಯ ಹೊತ್ತಿಗೆ, ಬಾಗಿದ ಕೊಂಬೆಗಳು ನೋಡಲು ಅಸಹ್ಯವೆಂದು ಎಲ್ಲವನ್ನೂ ಕಡಿಸಿದಿರಿ. ಯೂರಿಯಾ ಸುರಿದು ನೀರು ಬಿಟ್ಟಿರಿ. ಈ ವರ್ಷದ ಹೂವೆಲ್ಲ ಆ ಕೊಂಬೆಗಳ ಮೇಲೇ ಕೂತಿತ್ತು. ಈಗ ಯಾರು ಬಂದರೂ ಆಗುವ ಕೆಲಸವಲ್ಲ. ಬೇಸಿಗೆಯಲ್ಲಿ ಹೊಸ ಚಿಗುರುಗಳನ್ನು ಬಾಗಿಸಿ ಕಟ್ಟಿ, ಯೂರಿಯಾ ನಿಲ್ಲಿಸಿ. ಮುಂದಿನ ವರ್ಷವೋ ಅದರಾಚೆಯೋ ಅರಳುತ್ತದೆ. ಅಲ್ಲಿಯವರೆಗೆ "ಹೂದೋಟದ ಸೈಟು" ಎಂಬ ನಿಮ್ಮ ಪೋಸ್ಟರನ್ನೇ ಬಂದವರಿಗೆ ತೋರಿಸಿ. ಅದರಲ್ಲಿರುವ ಫೋಟೊ ತೆಗೆದದ್ದೂ ನಾನೇ.

ಇದನ್ನು ಬರೆಯುವಾಗ ನನಗೆ ಖುಷಿಯಾಗುತ್ತಿದೆ. ಇಷ್ಟು ಖುಷಿ ಸರಿಯೇ ಎಂದು ಕೇಳಿಕೊಂಡೆ, ಸರಿಯೆಂದೇ ಅನಿಸಿತು. ಗಿಡಗಳು ಏನು ತಪ್ಪು ಮಾಡಿದ್ದವು ಎಂದೂ ಕೇಳಿಕೊಂಡೆ.

ಕೋರ್ಟು ಹೇಳುವ ತನಕ ನಿಮ್ಮ ಹೆಂಡತಿ,
ಗುರುದೇವಿ

ತಾ.ಕ.: ತೋಟದ ಕೃಷ್ಣಪ್ಪನನ್ನು ಬಯ್ಯಬೇಡಿ. ಮಚ್ಚು ಎತ್ತುವ ಮೊದಲು ನನಗೆ ಫೋನ್ ಮಾಡಿದ್ದ. "ಅಕ್ಕಾ, ಬಾಗಿರೋ ಕೊಂಬೆನೆಲ್ಲ ಕಡಿ ಅಂತಾವ್ರೆ ಸಾರ್. ಹೂವೆಲ್ಲ ಹೋಗ್ಬಿಡುತ್ತೆ, ನೀವೊಂದ್ ಮಾತು ಹೇಳಿ" ಎಂದ.

"ಸಾರ್ ಹೇಳ್ದಂಗೇ ಮಾಡು, ಕೃಷ್ಣಪ್ಪ" ಎಂದೆ.